ಬಲೆಮೋರೆಯ ಕುತ್ತಿಗೆ

"ಕುತ್ತಿಗೆ ಹತ್ರ ಬಣ್ಣ ಸೋರ್ತಾ ಇತ್ತು ಮಾರಾಯ, ಅದಕ್ಕೆ ನಾನೇ ಒಂದು ಗೆರೆ ಎಳೆದು ಮುಚ್ಚಿದೆ," ಎಂದ ಮೋಕ್ಷಿತ್. "ಅದಕ್ಕೆ ಇಷ್ಟು ಮುಖ ಸಣ್ಣ ಮಾಡ್ಲಿಕ್ಕೆ ಎಂತ ಉಂಟು?"

ಅಫ್ರೋಝ್ ಹೊಸ ಸಂಚಿಕೆಯ ಮುಖಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದ. ಕದ್ರಿ ಪಾರ್ಕಿನ ಹಿಂದಿನ ಬೀದಿಯಲ್ಲಿ ಟೈಲರ್ ಅಂಗಡಿಯ ಮೇಲಿದ್ದ ಆ ಒಂದು ಕೋಣೆಯೇ ಅವರಿಬ್ಬರ ಕಂಪೆನಿ, ಆಫೀಸು, ಗೋಡೌನು ಎಲ್ಲ. ಅಫ್ರೋಝ್ ಕಥೆ ಕಟ್ಟಿ ಚಿತ್ರ ಬರೆಯುವವನು. ಮೋಕ್ಷಿತ್ ಅದನ್ನು ಕಂಪ್ಯೂಟರಿಗೆ ಹಾಕಿ ಬಣ್ಣ ತುಂಬುವವನು. ಅವರ ಕಾಮಿಕ್ಸಿನ ಹೆಸರು 'ಅಳಿವೆ ಬಾಗಿಲು'. ನದಿ ಕಡಲಿಗೆ ಸೇರುವ ಆ ಅಳಿವೆಯ ಬಾಯಿಂದ ಎದ್ದು ಬರುವ ಒಂದು ಪೀಡೆಯ ಕಥೆ ಅದು. ಪೀಡೆಗೆ ಅಫ್ರೋಝ್ ಇಟ್ಟ ಹೆಸರು ಬಲೆಮೋರೆ. ಮೈತುಂಬ ಹರಿದ ಬಲೆ, ಮುಖ ಇರಬೇಕಾದಲ್ಲಿಯೂ ಗಂಟುಗಂಟಾದ ಬಲೆ, ಆ ಬಲೆಯ ಹಿಂದೆ ಏನೂ ಇಲ್ಲ. ಅದು ಯಾರ ಬಾಗಿಲನ್ನೂ ತಟ್ಟುವುದಿಲ್ಲ. ದಡದ ಮನೆಯ ಹಿಂದೆ ಬೆನ್ನು ಹಾಕಿ ಕೂತು ಕಾಯುತ್ತದೆ. ಒಳಗಿನವರು ತಾವಾಗಿ ಬಾಗಿಲು ತೆರೆದರೆಂದರೆ ಮುಗಿಯಿತು, ಅವರ ಮುಖವನ್ನು ಬಲೆಗೆ ಹಾಕಿಕೊಂಡು ನೀರಿಗಿಳಿಯುತ್ತದೆ. ಅದನ್ನು ಹಿಡಿಯಲು ಹೊರಟವನು ಮುಳುಗುಗಾರ ಬೂಬ. ಹಲ್ಲಲ್ಲಿ ಚೂರಿ ಕಚ್ಚಿಕೊಂಡು, ಎಷ್ಟು ಆಳಕ್ಕೆ ಮುಳುಗಿದರೂ ಒದ್ದೆಯಾಗದ ಮೀಸೆ ಹೊತ್ತ ವೀರ. ಮೀಸೆ ಒದ್ದೆಯಾಗುವುದಿಲ್ಲ ಯಾಕೆ ಎಂದು ಓದುಗರು ಕೇಳಿದಾಗಲೆಲ್ಲ ಮೋಕ್ಷಿತ್, "ಅದು ವಾಟರ್‌ಪ್ರೂಫ್," ಎಂದು ಉತ್ತರ ಕೊಡುತ್ತಿದ್ದ.

ಮೊದಲಿನ ಎರಡು ಸಂಚಿಕೆಗಳು ಕಪ್ಪು ಬಿಳುಪು. ಮೂರನೆಯದು ಬಣ್ಣದ್ದು. ಬೈಕಂಪಾಡಿಯ ಪ್ರೆಸ್ಸಿನಿಂದ ಕಟ್ಟುಗಟ್ಟಲೆ ಬಂದು ಒಂದು ವಾರವಾಗಿತ್ತಷ್ಟೆ.

"ಎಲ್ಲಾ ಚಿತ್ರದಲ್ಲೂ ಕುತ್ತಿಗೆಯ ಎಡಗಡೆ ಗೆರೆ ತುಂಡಾಗಿ ಇರ್ತದಲ್ಲ, ಅದು ನೋಡಿಲ್ವಾ ನೀನು?" ಎಂದು ಅಫ್ರೋಝ್ ಕೇಳಿದ.

"ನೋಡದೆ ಎಂತ. ನೀನು ಮರೆತದ್ದು ಅಂದುಕೊಂಡೆ."

"ಎಲ್ಲದರಲ್ಲೂ ಮರೀತಾರಾ?"

"ಆರ್ಟಿಸ್ಟುಗಳಲ್ವಾ, ನೀವು ಊಟವನ್ನೇ ಮರೀತೀರಿ." ಮೋಕ್ಷಿತ್ ಸ್ಕ್ರೀನಿನ ಕಡೆ ತಿರುಗಿದ. "ಇಲ್ಲಿ ನೋಡು. ಗೆರೆ ಒಂದು ಕೂದಲಷ್ಟು ತೆರೆದಿದ್ದರೂ ಸಾಕು, ಕುತ್ತಿಗೆಗೆ ಹಾಕಿದ ಬಣ್ಣ ಹೊರಗೆ ನುಗ್ಗಿ ಇಡೀ ಪುಟ ಮುಳುಗ್ತದೆ. ಮುಚ್ಚದೆ ಬೇರೆ ದಾರಿ ಇಲ್ಲ. ಬಲೆಮೋರೆದು ಮುಚ್ಚಿದೆ, ಬೂಬನದ್ದು ಮುಚ್ಚಿದೆ, ಮೀನಿನ ಹೆಂಗಸಿನದ್ದು, ಮತ್ತೆ ಆ ಕುಂಟು ನಾಯಿದು. ನಾಯಿಗೆಂತಕ್ಕೆ ಮಾರಾಯ ಕುತ್ತಿಗೆಯಲ್ಲಿ ತೂತು?"

ಅಫ್ರೋಝ್ ನಗಲಿಲ್ಲ. ಆ ತೂತಿನ ಕಥೆಯನ್ನು ಅವನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಎಂದು ಅನಿಸಿರಲೂ ಇಲ್ಲ. ಈಗ ಹೇಳಿದ. ಮೂರನೇ ಕ್ಲಾಸಿನಲ್ಲಿದ್ದಾಗ ಅವನು ಅಂಗಳದ ಗೋಡೆಯ ಮೇಲೆ ಇದ್ದಿಲಿನಲ್ಲಿ ಕೋಳಿ, ದೋಣಿ, ದೋಣಿಯೊಳಗೆ ಜನ ಎಲ್ಲ ಬರೆದಿಟ್ಟಿದ್ದ. ಅದನ್ನು ನೋಡಿದ ಅಜ್ಜಿ ಬೈಯಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ಮೆತ್ತಗೆ ಹೇಳಿದ್ದರು: "ಜೀವ ಇರುವುದರ ಚಿತ್ರ ಬರೆದವನನ್ನು ನಾಳೆ ಪರಲೋಕದಲ್ಲಿ ಕರೆದು, ಬರೆದದ್ದಕ್ಕೆಲ್ಲ ಉಸಿರು ಕೊಡು ಅಂತ ಹೇಳ್ತಾರೆ ಮೋನೆ. ನಿನ್ನತ್ರ ಉಂಟಾ ಅಷ್ಟು ಉಸಿರು?" ಹುಡುಗ ಗೋಡೆಯ ಮೇಲಿದ್ದವರನ್ನೆಲ್ಲ ನೋಡಿದ. ತನ್ನತ್ರ ಅಷ್ಟು ಉಸಿರಿಲ್ಲ ಎಂದು ಅವನಿಗೆ ಖಾತ್ರಿಯಾಯಿತು. ಅವನು ಊಟ ಬಿಟ್ಟು ಅತ್ತದ್ದು ನೋಡಲಾರದೆ ಕೊನೆಗೆ ದಾರಿ ಹುಡುಕಿದವಳು ಅವನ ತಾಯಿ, ಉಮ್ಮ ರುಖಿಯಾ. ಅವಳು ಒದ್ದೆ ಬೆರಳಿನಿಂದ ಪ್ರತಿಯೊಬ್ಬರ ಕುತ್ತಿಗೆಯ ಗೆರೆಯನ್ನು ಒಂಚೂರು ಒರೆಸಿದಳು. "ಇಲ್ಲಿ ಬಾಗಿಲು ಬಿಡು. ಉಸಿರು ಒಳಗೆ ನಿಲ್ಲುವುದಿಲ್ಲ. ನಿಲ್ಲದಿದ್ದರೆ ಅದು ಬರೀ ಗೆರೆ," ಎಂದಳು. ಅಂದಿನಿಂದ ಇಂದಿನವರೆಗೆ ಅಫ್ರೋಝನ ಕೈ ಕುತ್ತಿಗೆಯ ಎಡಕ್ಕೆ ಬಂದಾಗ ತಾನಾಗಿ ಕಾಗದ ಬಿಟ್ಟು ಮೇಲೇಳುತ್ತಿತ್ತು.

ಇದನ್ನೆಲ್ಲ ಕೇಳಿ ಮೋಕ್ಷಿತ್ ಕುರ್ಚಿ ತಿರುಗಿಸಿ ಕೂತ. "ಇದು ಮೊದಲೇ ಹೇಳ್ಬಾರ್ದಿತ್ತಾ? ನಮ್ಮಲ್ಲೂ ಹಾಗೆ ಮಾಡ್ಬಾರ್ದು, ಹೀಗೆ ಮಾಡ್ಬಾರ್ದು ಅಂತ ನೂರು ಉಂಟು. ನಾನು ತಮಾಷೆ ಮಾಡ್ತಿದ್ದೆನಾ? ಆದ್ರೆ ಒಂದು ಹೇಳು. ಇಷ್ಟು ಬೆಳಿಗ್ಗೆಯೇ ಫೆರಿ ಹತ್ತಿ ಬಂದದ್ದು ಬರೀ ಒಂದು ಗೆರೆಗಲ್ಲ. ಎಂತ ಆಯ್ತು?"

"ಮನೆ ಹಿಂದೆ ಉಪ್ಪನ ಹಳೇ ಬಲೆ ಉಂಟಲ್ಲ, ಬೇಲಿಗೆ ಕಟ್ಟಿದ್ದು."

"ಉಂಟು. ಅರ್ಧ ಹರಿದು ಹೋದದ್ದು."

"ಒಂದು ವಾರದಿಂದ ಅದು ದಿನಾ ಸ್ವಲ್ಪ ಸ್ವಲ್ಪ ಸರಿ ಆಗ್ತಾ ಉಂಟು."

"ಉಮ್ಮ ಮಾಡ್ತಿರಬೇಕು."

"ಉಮ್ಮನಿಗೆ ಬಲೆ ಕೆಲಸ ಬರುದಿಲ್ಲ. ಮತ್ತೆ ಗಂಟೆಲ್ಲ ಎಡಗೈದು."

ಮೋಕ್ಷಿತನಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಫ್ರೋಝನ ತಂದೆ, ಉಪ್ಪ ಝಕರಿಯಾ ಎಡಚ ಎಂದು ಅವನಿಗೆ ಗೊತ್ತಿತ್ತು. ನದಿಯಾಚೆ ಅವರ ಊರಾದ ಬೆಂಗ್ರೆಯಲ್ಲಿ ಬಲೆ ದುರಸ್ತಿ ಮಾಡುವವರೆಲ್ಲ ಬಲಕ್ಕೆ ಸುತ್ತಿ ಗಂಟು ಹಾಕಿದರೆ ಝಕರಿಯಾ ಎಡಕ್ಕೆ ಸುತ್ತುತ್ತಿದ್ದರು. ಅಫ್ರೋಝ್ ಪಿಯುಸಿಯಲ್ಲಿದ್ದ ವರ್ಷ, ಒಣಮೀನಿನ ವ್ಯಾಪಾರ ಸಪ್ಪೆಯಾಯಿತೆಂದು ಯಾರದೋ ದೋಣಿಯಲ್ಲಿ ಜೊತೆಯಾಗಿ ಹೋದವರು ಅಳಿವೆ ಬಾಗಿಲಲ್ಲಿ ದೋಣಿ ಮಗುಚಿ ನೀರಿಗೆ ಬಿದ್ದರು. ದೋಣಿ ಸಿಕ್ಕಿತು. ಉಳಿದವರು ಈಜಿ ಬಂದರು. ಝಕರಿಯಾ ಸಿಗಲಿಲ್ಲ, ಹೂಳಲು ಮಯ್ಯಿತ್ತೂ ಸಿಗಲಿಲ್ಲ. ಮಯ್ಯಿತ್ತನ್ನು ಕಣ್ಣಲ್ಲಿ ಕಾಣದೆ ತಾನು ವಿಧವೆಯ ಶೋಕದ ದಿನಗಳಾದ ಇದ್ದಾ ಕೂರುವುದಿಲ್ಲ ಎಂದು ರುಖಿಯಾ ಅಂದು ಹಟ ಹಿಡಿದವಳು ಇಂದಿಗೂ ಕೂತಿಲ್ಲ. ಈಗಲೂ ಮಾತಿನಲ್ಲಿ 'ಅವರಿಗೆ ಬಂಗುಡೆ ಇಷ್ಟ' ಎನ್ನುತ್ತಾಳೆಯೇ ಹೊರತು 'ಇಷ್ಟ ಇತ್ತು' ಎನ್ನುವುದಿಲ್ಲ.

ಮೋಕ್ಷಿತ್ ಮುಖಪುಟದ ಫೈಲು ತೆರೆದ. ಬಲೆಮೋರೆಯ ಕುತ್ತಿಗೆಯ ಎಡಗಡೆ ತಾನು ಎಳೆದಿದ್ದ ಗೆರೆಯನ್ನು ಅಳಿಸಿ ಮತ್ತೆ ಬಣ್ಣ ಬಿಟ್ಟ. ಹಾವಸೆಯಂಥ ಹಸಿರು ಕುತ್ತಿಗೆಯಿಂದ ಹೊರಗೆ ಹರಿದು ದಡ, ಮನೆ, ಬಾಗಿಲು, ಆಕಾಶ ಎಲ್ಲವನ್ನೂ ಕ್ಷಣದಲ್ಲಿ ಮುಳುಗಿಸಿತು.

"ಇದು ಹೀಗೇ ಇರ್ಲಿ," ಎಂದ ಅವನು. "ಆದ್ರೆ ಪ್ರಿಂಟಾಗಿ ಹೊರಗೆ ಹೋದದ್ದನ್ನು ಎಂತ ಮಾಡುದು?"

ಹಾಗೆ ಹೋದದ್ದರಲ್ಲಿ ಒಂದು ಪ್ರತಿ ಅಫ್ರೋಝನ ಮನೆಯಲ್ಲೇ ಇತ್ತು. ಅಡಿಗೆಮನೆಯ ಡಬ್ಬದ ಸಾಲಿನ ಹಿಂದೆ ಉಮ್ಮ ಅದನ್ನು ನಿಲ್ಲಿಸಿ ಇಟ್ಟಿದ್ದಳು. ಅವನು ಬರೆದದ್ದನ್ನು ಎಂದೂ ಕಣ್ಣೆತ್ತಿ ನೋಡದವಳು.

ಸಂಜೆಯ ಫೆರಿಯಲ್ಲಿ ಜನ ಕಮ್ಮಿ. ಐಸಿನ ಪೆಟ್ಟಿಗೆಗಳು, ಎರಡು ಬೈಕು, ಕಾಲೇಜಿನಿಂದ ಮರಳುವ ಹುಡುಗಿಯರ ಒಂದು ಗುಂಪು. ಫೆರಿ ನಡೆಸುವ ಮುದ್ದಣ್ಣ ಅಫ್ರೋಝನನ್ನು ಕಂಡ ಕೂಡಲೇ ಬೀಡಿಯನ್ನು ಬಾಯಿಯ ಇನ್ನೊಂದು ಮೂಲೆಗೆ ತಳ್ಳಿದರು.

"ಓ ಆರ್ಟಿಸ್ಟು. ನಿನ್ನ ಆ ಬೂಬನನ್ನು ನನಗೆ ಒಮ್ಮೆ ತೋರಿಸು ಮಾರಾಯ. ಈ ನೀರಲ್ಲಿ ಮುಳುಗಿ ಮೀಸೆ ಒದ್ದೆ ಮಾಡದವನಿದ್ದರೆ ನನ್ನ ಕೆಲಸ ಅವನಿಗೇ ಕೊಡ್ತೇನೆ."

"ಅವನಿಗೆ ಲೈಸೆನ್ಸ್ ಇಲ್ಲ ಮುದ್ದಣ್ಣ."

"ನನಗೆಂತ ಉಂಟಾ?" ಹುಡುಗಿಯರು ಕಿಸಕ್ಕೆಂದರು. ಮುದ್ದಣ್ಣ ಅವರಿಗೆ ಬೇಕಾದಷ್ಟು ಹೊತ್ತು ನಗಲು ಬಿಟ್ಟು, ಆಮೇಲೆ ಎಂಜಿನ್ನಿನ ಸದ್ದಿಗೆ ಮಾತು ಮುಚ್ಚಿ ಹೋಗುವಷ್ಟು ಸಣ್ಣ ದನಿಯಲ್ಲಿ ಹೇಳಿದರು: "ಮಗಾ, ನಿನ್ನೆ ಹೊತ್ತು ಮುಳುಗುವಾಗ ನಿಮ್ಮ ಮನೆ ಹಿಂದೆ ಕವುಚಿ ಹಾಕಿದ ದೋಣಿ ಮೇಲೆ ಕೂತದ್ದು ಯಾರು?"

"ನೀವು ನೋಡಿದ್ರಾ?"

"ಬೆನ್ನು ಮಾತ್ರ. ಬಲೆ ಸರಿ ಮಾಡ್ತಾ ಇದ್ದ. ಎಡಗೈಯಲ್ಲಿ." ಅವರು ಬೀಡಿಯನ್ನು ನೀರಿಗೆ ಎಸೆದರು. "ಎಡಗೈಯಲ್ಲಿ ಬಲೆ ಹಿಡಿಯುವವ ಈ ಬೆಂಗ್ರೆಯಲ್ಲಿ ಒಬ್ಬನೇ ಇದ್ದದ್ದು. ಅವನ ಸಂಗಡ ನಾನು ಶಾಲೆಗೆ ಹೋದವ. ಅವನಾಗಿದ್ದರೆ ಇತ್ತ ಕಡೆ ತಿರುಗಿ ಒಂದು ಕೈ ಬೀಸದೆ ಇರ್ತಿದ್ದನಾ? ಫೆರಿ ಹೋಗುವಾಗ ಕೈ ಬೀಸುವುದು ಅವನ ಚಾಳಿ. ನಾನು ಎರಡು ಸಲ ಹಾರ್ನ್ ಹಾಕಿದೆ. ತಿರುಗಲೇ ಇಲ್ಲ."

ಅಫ್ರೋಝ್ ಮನೆ ಮುಟ್ಟುವಾಗ ತೆಂಗಿನಕಾಯಿ ಹುರಿದ ಪರಿಮಳ ದಾರಿಗೇ ಬರುತ್ತಿತ್ತು. ರುಖಿಯಾ ಒಲೆಯ ಮುಂದೆ ಪತ್ತಿರ್ ಸುಡುತ್ತಿದ್ದಳು. ಅಕ್ಕಿಯ ತೆಳ್ಳಗಿನ ರೊಟ್ಟಿಗಳು ಬಟ್ಟೆಯಡಿ ಬಿಸಿಯಾಗಿ ಕೂತಿದ್ದವು. ಬಂಗುಡೆ ಸಾರು ಮಾಡಿ ಮುಗಿದಿತ್ತು. ಮಗನ ಮದುವೆಗೆಂದು ತೆಗೆದಿಟ್ಟಿದ್ದ ಹಸಿರು ಬಟ್ಟೆಯನ್ನು ಉಟ್ಟಿದ್ದಳು. ನೆಲದ ಮೇಲೆ ಮೂರು ತಟ್ಟೆ.

"ಯಾರಾದರೂ ಬರ್ಲಿಕ್ಕುಂಟಾ ಉಮ್ಮ?"

"ಬಂದಾಗಿದೆ. ಒಳಗೆ ಬರುವುದಿಲ್ಲ ಅಷ್ಟೆ." ಅವಳು ರೊಟ್ಟಿ ತಿರುವಿ ಹಾಕಿದಳು. ದನಿಯಲ್ಲಿ ನಡುಕವಿರಲಿಲ್ಲ, ಎಷ್ಟೋ ವರ್ಷದಿಂದ ಕೇಳದ ಒಂದು ಸಲಿಗೆ ಇತ್ತು. "ಕಾಲು ತೊಳೀಲಿಕ್ಕೆ ಹಿಂದೆ ನೀರು ಇಡ್ತೇನೆ. ಬೆಳಿಗ್ಗೆ ನೋಡಿದರೆ ಚೆಂಬು ಖಾಲಿ. ಹೊತ್ತು ಮುಳುಗಿ ಮಗ್ರಿಬ್ ಬಾಂಗ್ ಆದ ಮೇಲೆ ಬಾಗಿಲು ತೆಗೀಬಾರ್ದು ಅಂತ ನಿನ್ನ ಅಜ್ಜಿಯ ಮಾತು, ಅದಕ್ಕೆ ಇಷ್ಟು ದಿನ ಒಳಗಿನಿಂದಲೇ ಮಾತಾಡಿದೆ. ಇವತ್ತು ತೆಗೀತೇನೆ. ಅಜ್ಜಿ ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಲಿ."

ಮೂರನೇ ಸಂಚಿಕೆಯ ಕೊನೆಯ ಚಿತ್ರ ಯಾವುದೆಂದು ಅಫ್ರೋಝನಿಗಿಂತ ಚೆನ್ನಾಗಿ ತಿಳಿದವರಿರಲಿಲ್ಲ. ದಡದ ಮನೆ, ಕವುಚಿದ ದೋಣಿ, ಬೆನ್ನು ಹಾಕಿ ಕೂತ ಬಲೆಮೋರೆ, ಹಿಂಬಾಗಿಲ ಅಗುಳಿಯ ಮೇಲೆ ಒಬ್ಬ ಹೆಂಗಸಿನ ಕೈ. ಮುಂದಿನದ್ದನ್ನು ಅವನು ಕಾಗದದ ಮೇಲೆ ತಂದಿರಲಿಲ್ಲ, ತಲೆಯಲ್ಲಿ ಮಾತ್ರ ಬರೆದಿಟ್ಟಿದ್ದ.

"ಅದು ಉಪ್ಪ ಅಲ್ಲ ಉಮ್ಮ," ಎಂದ. "ಅದು ನಾನು ಬರೆದದ್ದು. ಎಲ್ಲರ ಕುತ್ತಿಗೆಯ ಬಾಗಿಲೂ ಮುಚ್ಚಿಹೋಗಿದೆ. ಮೋಕ್ಷಿತನಿಗೆ ಗೊತ್ತಿರ್ಲಿಲ್ಲ, ಬಣ್ಣ ಸೋರ್ತದೆ ಅಂತ ಮುಚ್ಚಿದ."

ರುಖಿಯಾ ಡಬ್ಬದ ಹಿಂದಿನಿಂದ ಪುಸ್ತಕ ತೆಗೆದು ಅವನ ಮುಂದೆ ಹಿಡಿದಳು. ಬಲೆಮೋರೆಯ ಎಡಗೈಯ ಹೆಬ್ಬೆರಳಿನ ಮೇಲೆ ತನ್ನ ಬೆರಳಿಟ್ಟಳು. ಆ ಹೆಬ್ಬೆರಳಿಗೆ ಉಗುರು ಅರ್ಧವೇ ಇತ್ತು.

"ಗಾಳದ ಕೊಕ್ಕೆ ಕಚ್ಚಿ ಹೋದದ್ದು ಇದು. ನೀನು ಹುಟ್ಟುವ ಮೊದಲು. ಬರೆಯುವಾಗ ಯಾರನ್ನು ನೆನಸಿದ್ದೆ?"

"ಯಾರನ್ನೂ ಇಲ್ಲ."

"ಸುಳ್ಳು ಹೇಳ್ಬೇಡ ಮೋನೆ."

"ಸುಳ್ಳಲ್ಲ ಉಮ್ಮ. ಕೈ ತಾನಾಗಿ ಬಂತು. ಮುಖ ಬರಲಿಲ್ಲ." ಅವನು ಬಲೆಮೋರೆಯ ಮುಖ ತೋರಿಸಿದ. "ಉಪ್ಪನ ಮುಖ ನನಗೆ ನೆನಪಿಗೆ ಬರುದಿಲ್ಲ. ಕಣ್ಣು ಮುಚ್ಚಿದರೆ ಆ ರೇಷನ್ ಕಾರ್ಡಿನ ಫೋಟೋ ಮಾತ್ರ ಕಾಣ್ತದೆ. ಅದಕ್ಕೆ ಮುಖ ಇರುವಲ್ಲಿ ಬಲೆ ಹಾಕಿದೆ."

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮಸೀದಿಯಿಂದ ಬಾಂಗ್ ಶುರುವಾಯಿತು. ಅದು ಮುಗಿಯುವವರೆಗೆ ಇಬ್ಬರೂ ಕೂತಲ್ಲೇ ಕೂತಿದ್ದರು. ಮುಗಿದ ಮೇಲೆ ಸ್ವಲ್ಪ ಹೊತ್ತು ನೀರಿನ ಸದ್ದು ಮಾತ್ರ. ಆಮೇಲೆ ಹಿಂಬಾಗಿಲ ಆಚೆ ಮರದ ದೋಣಿ ಯಾರೋ ಕೂತ ಭಾರಕ್ಕೆ ಮುಲುಗಿತು.

ಅಫ್ರೋಝ್ ಅಡಿಗೆಮನೆಯ ಕಿಟಕಿಯ ಸಂದಿಗೆ ಕಣ್ಣಿಟ್ಟ. ನದಿಯ ಮೇಲೆ ಇನ್ನೂ ಸ್ವಲ್ಪ ಕೆಂಪು ಉಳಿದಿತ್ತು. ಆ ಕೆಂಪಿಗೆ ಎದುರಾಗಿ ಒಂದು ಬೆನ್ನು. ತಾನೇ ಬರೆದ ಬೆನ್ನು. ಭುಜದಿಂದ ಇಳಿಬಿದ್ದ ಬಲೆಯ ಪ್ರತಿಯೊಂದು ಎಳೆಯೂ ತನ್ನ ನಿಬ್ಬಿನ ಗೀಟು. ನೆರಳಿರುವ ಕಡೆ ಒತ್ತೊತ್ತಾಗಿ ಎಳೆದಿದ್ದ ಗೀಟುಗಳು ಅಲ್ಲಿಯೂ ಹಾಗೇ ಒತ್ತಾಗಿದ್ದವು. ಎಡಗೈ ಮಾತ್ರ ಗೀಟಿನದ್ದಲ್ಲ. ಅದು ಮರದ ಸೂಜಿ ಹಿಡಿದು ಬೇಲಿಯ ಬಲೆಗೆ ನಿಧಾನವಾಗಿ ಗಂಟು ಹಾಕುತ್ತಿತ್ತು. ಅದೇ ಕೈಯ ಹೆಗಲ ಮೇಲೆ ಕೂತು ಅವನು ಉರೂಸ್ ನೋಡಲು ಹೋಗಿದ್ದ. ಕುತ್ತಿಗೆಯ ಎಡಗಡೆ ಹೊಸ ಗೆರೆಯೊಂದು ಸ್ವಲ್ಪ ದಪ್ಪಗೆ, ಬೇರೆ ಕೈ ಎಳೆದದ್ದು ಎಂದು ಗೊತ್ತಾಗುವ ಹಾಗೆ ಕಾಣುತ್ತಿತ್ತು.

"ಕೇಳ್ತಾ ಉಂಟಾ?" ಎಂದು ಪಿಸುಗುಟ್ಟಿದಳು ರುಖಿಯಾ. "ಅವರ ಉಸಿರು. ದಿನಾ ಇದನ್ನೇ ಕೇಳ್ತಾ ಕೂರ್ತೇನೆ."

ಕೇಳುತ್ತಿತ್ತು. ಒದ್ದೆ ಬಟ್ಟೆಯ ಮೂಲಕ ಗಾಳಿ ಎಳೆದುಕೊಂಡಂತೆ ಒಂದು ಸದ್ದು. ಮತ್ತೆ ಒಮ್ಮೆ. ಮತ್ತೆ ಒಮ್ಮೆ. ಅಫ್ರೋಝನ ಮೈಯ ರೋಮವೆಲ್ಲ ನೆಟ್ಟಗಾದದ್ದು ಸದ್ದಿಗಲ್ಲ, ಅದರಲ್ಲಿ ಇಲ್ಲದ್ದಕ್ಕೆ.

"ಉಮ್ಮ, ಸರಿಯಾಗಿ ಕೇಳಿ. ಎಳೀತಾ ಮಾತ್ರ ಉಂಟು. ಬಿಡ್ತಾ ಇಲ್ಲ."

ರುಖಿಯಾಳ ಕೈ ಆಗಲೇ ಅಗುಳಿಯ ಮೇಲಿತ್ತು. ಥೇಟು ಆ ಕೊನೆಯ ಚಿತ್ರದ ಹಾಗೆ. ಅವಳು ಹಾಗೆಯೇ ನಿಂತು, ಕಿವಿಯನ್ನು ಹಲಗೆಗೆ ಹಚ್ಚಿ ಕೇಳಿದಳು. ಎಳೆಯುವ ಸದ್ದು. ಮತ್ತೆ ಎಳೆಯುವ ಸದ್ದು. ಆಚೆಯ ಎದೆ ತುಂಬಿ ತುಂಬಿ ಬಿರಿಯುವ ಹಾಗಾಗಿದ್ದರೂ ಹೊರಗೆ ಬರಲು ಎಲ್ಲಿಯೂ ದಾರಿಯಿಲ್ಲ.

ಅವಳ ಮುಖದ ಸಲಿಗೆ ಮೆಲ್ಲಗೆ ಇಳಿಯಿತು.

"ಮುಳುಗುವವರು ಹೀಗೇ ಅಲ್ವಾ," ಎಂದಳು. "ಎಳೀಲಿಕ್ಕೆ ನೋಡ್ತಾರೆ, ಬಿಡ್ಲಿಕ್ಕೆ ಆಗುದಿಲ್ಲ. ನಾನು ಇವರನ್ನು ಇಷ್ಟು ವರ್ಷ ಹೀಗೆ ಕೂರಿಸಿದ್ದಾ?"

"ನೀವಲ್ಲ ಉಮ್ಮ, ಗೆರೆ ಮುಚ್ಚಿದ್ದರಿಂದ..."

"ಗೆರೆ ಎಲ್ಲರದ್ದೂ ಮುಚ್ಚಿಹೋಗಿತ್ತು ಅಂದೆಯಲ್ಲ. ಬೂಬ ಬಂದನಾ? ಆ ಕುಂಟು ನಾಯಿ ಬಂತಾ?"

"ಇಲ್ಲ."

"ಅವರನ್ನು ಕರೆದವರು ಯಾರಿದ್ದಾರೆ? ಇವರನ್ನು ಕರೆಯುವವಳು ಇದ್ದಾಳೆ. ದಿನಾ, ಐದು ಹೊತ್ತೂ." ಅವಳು ಅಗುಳಿಯಿಂದ ಕೈ ತೆಗೆದಳು. "ಆ ಚೂರಿ ಕೊಡು. ಅವರದ್ದು, ಬಲೆ ಕೊಯ್ಯುವುದು."

ಚೂರಿ ಗೋಡೆಯ ಮೊಳೆಯಲ್ಲಿ ಎಂದಿನಂತೆ ನೇತಾಡುತ್ತಿತ್ತು. ಪ್ರತಿ ಶುಕ್ರವಾರ ಅವಳು ಅದಕ್ಕೆ ಎಣ್ಣೆ ಒರೆಸುತ್ತಿದ್ದಳು. ಅಫ್ರೋಝ್ ತೆಗೆದುಕೊಟ್ಟ. "ನಾನು ಮಾಡ್ತೇನೆ ಉಮ್ಮ, ನನ್ನ ಚಿತ್ರ," ಎಂದರೆ ಅವಳು ತಲೆ ಅಲ್ಲಾಡಿಸಿದಳು. ಪುಸ್ತಕವನ್ನು ಹೊಸಿಲಿನ ಮೇಲಿಟ್ಟು, ಬಾಗಿಲಿಗೆ ಒರಗಿ ಕೂತು, ಹೊರಗಿನವರಿಗೆ ಕೇಳುವಷ್ಟು ದನಿಯಲ್ಲಿ ಹೇಳಿದಳು:

"ಅಫ್ರೋಝನ ಉಪ್ಪಾ. ಪತ್ತಿರ್ ಮಾಡಿದ್ದೇನೆ. ಬಂಗುಡೆ ಉಂಟು. ನೀವು ಒಳಗೆ ಬಂದರೆ ಬಡಿಸ್ತಿದ್ದೆ, ಆದ್ರೆ ನಿಮಗೆ ಅಲ್ಲಿ ಕಷ್ಟ ಆಗ್ತಾ ಉಂಟು ಅಂತ ಇವತ್ತು ಗೊತ್ತಾಯ್ತು. ಮಗ ದೊಡ್ಡವನಾಗಿದ್ದಾನೆ. ಚಿತ್ರ ಬರೀತಾನೆ, ಹೆದರಿಕೆ ಬರುವಂಥದ್ದೇ ಬರೀತಾನೆ, ಆದ್ರೆ ಒಳ್ಳೆಯವನೇ. ಅವನಿಗೆ ನಿಮ್ಮ ಮುಖ ನಾನು ಹೇಳಿಕೊಡ್ತೇನೆ. ನೀವು ಅದಕ್ಕೆ ಕೂರ್ಬೇಡಿ."

ಹೊರಗೆ ಸೂಜಿಯ ಸದ್ದು ನಿಂತಿತು. ಬಲೆಯ ಎಳೆಗಳು ಒಂದಕ್ಕೊಂದು ತಿಕ್ಕಿದವು. ಕೂತದ್ದು ಮೊದಲ ಸಲ ಇತ್ತ ಕಡೆ ತಿರುಗುತ್ತಿದೆ ಎಂದು ಅಫ್ರೋಝನಿಗೆ ನೋಡದೆಯೇ ಗೊತ್ತಾಯಿತು. ತಾನು ಬರೆಯದೆ ಬಿಟ್ಟ ಆ ಮುಖವನ್ನು ನೋಡುವ ಧೈರ್ಯ ಅವನಿಗಿರಲಿಲ್ಲ. ಅವನು ಕಿಟಕಿಗೆ ಬೆನ್ನು ಹಾಕಿ ಉಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತ. ಹಲಗೆಯ ಆಚೆ, ಅವರ ಕಿವಿಯಷ್ಟೇ ಎತ್ತರದಲ್ಲಿ, ಉಸಿರು ಎಳೆದ ಸದ್ದು.

ರುಖಿಯಾ ದೇವರ ಹೆಸರೆತ್ತಿ ಬಿಸ್ಮಿ ಹೇಳಿ, ಚೂರಿಯ ತುದಿಯನ್ನು ಚಿತ್ರದ ಕುತ್ತಿಗೆಯ ಎಡಕ್ಕೆ ಇಟ್ಟು, ಮೋಕ್ಷಿತ್ ಎಳೆದಿದ್ದ ಗೆರೆಯನ್ನು ಒಂದು ಅಕ್ಕಿಕಾಳಿನಷ್ಟು ಕೊಯ್ದಳು. ಮೀನಿನ ಕಿವಿರು ತೆಗೆಯುವಾಗಿನ ಅದೇ ನಾಜೂಕಿನ ಕೈ.

ಬಾಗಿಲ ಆಚೆ ಉಸಿರು ಹೊರಬಿತ್ತು. ಉದ್ದವಾಗಿ, ಇಷ್ಟು ವರ್ಷದ್ದೆಲ್ಲ ಒಟ್ಟಿಗೆ. ಬಾಗಿಲ ಸಂದಿಯಿಂದ ಉಪ್ಪು ನೀರಿನ, ಬೀಡಿಯ, ಒಣಮೀನಿನ ವಾಸನೆ ಒಳಗೆ ಬಂದು ಒಲೆಯ ಬೆಂಕಿಯನ್ನು ಒಮ್ಮೆ ಬಗ್ಗಿಸಿ ಹೋಯಿತು. ಆಮೇಲೆ ನದಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಕೊನೆಗೆ ರುಖಿಯಾ ಚೂರಿಯನ್ನು ಸೆರಗಿಗೆ ಒರೆಸಿದಳು.

"ಅವರ ಮೂಗು ಸ್ವಲ್ಪ ಎಡಕ್ಕೆ ಸೊಟ್ಟ," ಎಂದಳು. "ಫೋಟೋದಲ್ಲಿ ಕಾಣುದಿಲ್ಲ. ನಗುವಾಗ ಮಾತ್ರ ಗೊತ್ತಾಗ್ತದೆ."

"ಯಾವ ಕಡೆಗೆ, ನನ್ನ ಹಾಗಾ?"

"ನಿನ್ನ ಹಾಗೇ." ಅವಳು ಎದ್ದು ಮೂರನೇ ತಟ್ಟೆಯನ್ನು ಎತ್ತಿ ಸಾಲಿನಲ್ಲಿ ಇಟ್ಟಳು. "ನಾಳೆ ಮಸೀದಿಯ ಉಸ್ತಾದರತ್ರ ಒಂದು ಮಾತು ಕೇಳಿ ಬಾ. ಇಷ್ಟು ವರ್ಷ ಕಳೆದ ಮೇಲೂ ಇದ್ದಾ ಕೂರ್ಲಿಕ್ಕೆ ಉಂಟಾ ಅಂತ."

"ಕೇಳ್ತೇನೆ ಉಮ್ಮ."

ಅಫ್ರೋಝ್ ಕಿಟಕಿಯ ಸಂದಿಯಿಂದ ಹೊರಗೆ ನೋಡಿದ. ಕವುಚಿದ ದೋಣಿಯ ಮೇಲೆ ಯಾರೂ ಇರಲಿಲ್ಲ. ಚೆಂಬಿನಲ್ಲಿ ನೀರು ತುಂಬಿದಂತೆಯೇ ಇತ್ತು. ಬೇಲಿಯ ಬಲೆಯಲ್ಲಿ ಮರದ ಸೂಜಿ ಒಂದು ಅರ್ಧ ಗಂಟಿನಿಂದ ನೇತಾಡುತ್ತಿತ್ತು. ಅವನು ನೋಡುತ್ತಿದ್ದಂತೆಯೇ ನದಿಯ ಕಡೆಯಿಂದ ಸಣ್ಣಗೆ ಗಾಳಿ ಬೀಸಿತು, ಗಂಟು ತಾನಾಗಿ ಬಿಚ್ಚಿಕೊಂಡಿತು, ಸೂಜಿ ಮರಳಿನ ಮೇಲೆ ಬಿತ್ತು.